ಎದುರು ತಂಡದ ಅಪ್ಪ

ಎರಡು ದಿನದಿಂದ ಸಾಫ್ಟ್‌ಬಾಲ್ ಹುಡುಗಿಯರ ಗಲಾಟೆ ಕೇಳಿ ಲಾಡ್ಜಿನ ಕೌಂಟರಿನಾಕೆಗೆ ತಲೆ ಚಿಟ್ಟು ಹಿಡಿದಿತ್ತು. ಆದರೂ ಎದುರಿನ ಸೋಫಾದಿಂದ ಮಾತು ಬಂದಾಗ ಕಿವಿ ತಾನಾಗಿಯೇ ನಿಮಿರಿತು. ಅಲ್ಲಿ ಬ್ಯಾಗುಗಳ ಗುಡ್ಡೆಯ ನಡುವೆ ಒಬ್ಬ ಆಟಗಾರ್ತಿಯ ತಂದೆ, ಇನ್ನೊಬ್ಬಳ ತಾಯಿ ಕೂತಿದ್ದರು.

“ಏನ್ರೀ, ಮ್ಯಾಚಲ್ಲಿ ನಮ್ಮ ಕಡೆ ತಲೆನೇ ಹಾಕಲಿಲ್ಲ?”

“ನಾನು ಕೂಗಿದ್ರೆ ಮಗಳ ಕೈಯಿಂದ ಚೆಂಡು ಜಾರುತ್ತಂತೆ. ‘ಎದುರು ತಂಡದವರ ಜೊತೆ ಕೂತ್ಕೊ, ನನ್ನಪ್ಪ ಅಂತ ಯಾರಿಗೂ ಹೇಳ್ಬೇಡ’ ಅಂದ್ಲು.”

“ಅದಕ್ಕೇ ಈ ಹಳದಿ ಟೋಪಿ?”

“ಅವರೇ ಹಾಕಿದ್ರು. ಒಳ್ಳೆ ಜನ. ನಮ್ಮ ಹುಡುಗೀರು ಔಟಾದಾಗೆಲ್ಲ ಚಪ್ಪಾಳೆ ಹೊಡೆದೆ.”

“ನಿಮ್ಮ ಮಗಳು ಔಟಾದಾಗ್ಲೂ?”

“ಆಗ ಸ್ವಲ್ಪ ಜೋರಾಗೇ ಹೊಡೆದೆ. ಅನುಮಾನ ಬರಬಾರ್ದಲ್ಲ.”

“ಭೇಷ್. ನಿಮ್ಮ ಹುಡುಗಿ ಯಾರು ಅಂತ ಕೇಳಲಿಲ್ವಾ?”

“ಕೇಳಿದ್ರು. ಅವರ ಬೆಂಚಲ್ಲಿ ಸುಮ್ನೆ ಕೂತಿದ್ದ ಒಬ್ಬಳನ್ನ ತೋರಿಸಿದೆ. ಪಾಪ, ಅವಳ ಮನೆಯವರು ಯಾರೂ ಬಂದಿರಲಿಲ್ಲ. ಅಪ್ಪ ಇಷ್ಟು ದೂರ ಬಂದಿದ್ದಾನೆ, ಆಡಿಸಲ್ವಾ ಅಂತ ಎಲ್ಲರೂ ಅವರ ಕೋಚ್ ಮೇಲೆ ಬಿದ್ರು.”

“ಆಮೇಲೆ?”

“ಆಡಿಸಿದ್ರು. ಅವಳೇ ನಮ್ಮನ್ನ ಸೋಲಿಸಿದ್ದು.”

“ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ್ರೆ ನೀವೇ ನೋಡಿ.”

ಲಿಫ್ಟಿನಿಂದ ಅವನ ಮಗಳು ಇಳಿದಳು. ಹಳದಿ ಟೋಪಿಯನ್ನೊಮ್ಮೆ ದಿಟ್ಟಿಸಿ, ತನ್ನ ಕಿಟ್ ಬ್ಯಾಗನ್ನು ಅವನ ಮಡಿಲಿಗೆ ಹಾಕಿದಳು.

“ಅಂಕಲ್, ಇದನ್ನ ಸ್ವಲ್ಪ ಬಸ್ಸಿಗೆ ಹಾಕ್ತೀರಾ? ನಮ್ಮಪ್ಪ ಎಲ್ಲೂ ಕಾಣಿಸ್ತಿಲ್ಲ.”

ಅವನು ಟೋಪಿಯನ್ನು ಜೇಬಿಗೆ ತುರುಕಿ, ಬ್ಯಾಗನ್ನು ಹೆಗಲಿಗೇರಿಸಿ, ಅವಳ ಹಿಂದೆ ನಡೆದ.