ಡಾಕ್ಟರಮ್ಮನಿಗೆ ನಾನು ಮೋಟಾರು ಮಾರಿದ ಬಗೆ

ಮಾನ್ಯ ಅಧ್ಯಕ್ಷರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ ಡಾಕ್ಟರ್ ವಿನಿಫ್ರೆಡ್ ಅವರೇ, ಮುಂದಿನ ಸಾಲಿನಲ್ಲಿ ಬೀಸಣಿಗೆಯೊಂದಿಗೆ ಕುಳಿತ ಗಣ್ಯರೇ, ಹಿಂದಿನ ಸಾಲುಗಳಲ್ಲಿ ಅದಿಲ್ಲದೆ ಕುಳಿತ ಸಭಿಕರೇ,

ಅತ್ತಾವರದಲ್ಲಿ ಇಷ್ಟು ವರ್ಷ ಹೆರಿಗೆ ಮಾಡಿಸಿದ ಈ ತಾಯಿಯ ಬಗ್ಗೆ ಮಾತನಾಡಲು ನಾನು ವೈದ್ಯನೇ? ಅಲ್ಲ. ವಿದ್ವಾಂಸನೇ? ಅದೂ ಅಲ್ಲ. ನಾನು ಮೋಟಾರು ವ್ಯಾಪಾರಿ. ಡಾಕ್ಟರಮ್ಮನಿಗೆ ಕಾರು ಮಾರಿದವನು ಈ ಸರ್ವೋತ್ತಮ. ಸ್ತ್ರೀಯರ ಏಳಿಗೆಗೆ ನಾನು ಸಲ್ಲಿಸಿದ ಆ ಸೇವೆಯನ್ನು ಇದುವರೆಗೆ ಯಾರೂ ಪ್ರಸ್ತಾಪಿಸದ ಕಾರಣ ನಾನೇ ಪ್ರಸ್ತಾಪಿಸಬೇಕಾಗಿದೆ.

ಅಂದು ಅವರು ತಮ್ಮನಾದ ನೊರ್ಬರ್ಟರನ್ನು ಜೊತೆಗೆ ಕರೆದುಕೊಂಡು ನನ್ನ ಅಂಗಡಿಗೆ ಬಂದರು. ನಾನು ಮರ್ಯಾದೆ ತಿಳಿದವನು. ಡಾಕ್ಟರಮ್ಮನಿಗೆ ಕುರ್ಚಿ ಕೊಟ್ಟೆ, ಶರಬತ್ತು ತರಿಸಿದೆ, ಸೀಟಿನ ಬಣ್ಣಗಳನ್ನು ತೋರಿಸಿದೆ. ಎಂಜಿನ್ನು, ಗೇರು, ಬ್ರೇಕುಗಳನ್ನು ನೊರ್ಬರ್ಟರಿಗೆ ವಿವರಿಸಿದೆ. ಅವರು ಇಗರ್ಜಿಯಲ್ಲಿ ಪಿಟೀಲು ನುಡಿಸುವವರು. "ನನಗೆ ಸೈಕಲ್ ಸಹ ಬರುದಿಲ್ಲ ಮಾರಾಯ್ರೆ, ಅಕ್ಕನಿಗೆ ಹೇಳಿ" ಎಂದರು. ಅದು ಅವರ ವಿನಯವಿರಬೇಕೆಂದುಕೊಂಡು ಮೊದಲಿನಿಂದ ಮತ್ತೊಮ್ಮೆ ಅವರಿಗೇ ಹೇಳಿದೆ.

"ಕದ್ರಿ ಗುಡ್ಡ ಹತ್ತುವಾಗ ಎಂಜಿನ್ ಬಿಸಿಯಾಗ್ತದಾ?" ಎಂದು ಡಾಕ್ಟರಮ್ಮ ಕೇಳಿದರು. "ಇಲ್ಲ ಸರ್" ಎಂದು ನೊರ್ಬರ್ಟರಿಗೆ ಉತ್ತರಿಸಿದೆ. ತಾವೇ ಓಡಿಸಿ ನೋಡುವುದಾಗಿ ಡಾಕ್ಟರಮ್ಮ ಹೇಳಿದಾಗ ಮಾತ್ರ ಅವರತ್ತ ತಿರುಗಿದೆ. "ನಿಮಗೆಂತಕೆ ಆ ಕಷ್ಟ? ಡ್ರೈವರ್ ಇಡ್ತೀರಲ್ಲ?"

"ಡ್ರೈವರ್ ಬರುವವರೆಗೆ ಹೆರಿಗೆ ಕಾಯ್ತದಾ?"

ನಾನು ಕಾರಿನ ಬಾಗಿಲು ತೆರೆದುಕೊಟ್ಟೆ. ಡಾಕ್ಟರಮ್ಮ ಹಂಪನಕಟ್ಟೆ ಪೇಟೆಯನ್ನು ಸುತ್ತಿ ಬಂದರು. ಪಕ್ಕದಲ್ಲಿ ಕುಳಿತ ನಾನು ದಾರಿಯುದ್ದಕ್ಕೂ ಬ್ರೇಕು ಒತ್ತುತ್ತಿದ್ದೆ. ನನ್ನ ಕಡೆ ಬ್ರೇಕಿರಲಿಲ್ಲ.

ಮರುವರ್ಷ ನನ್ನ ಪತ್ನಿ ರತ್ನಾವತಿಗೆ ಹೆರಿಗೆ ನೋವು ಬಂತು. ಸೂಲಗಿತ್ತಿ ದೇಯಿ ಹೊರಗೆ ಬಂದು, "ಮಗು ಅಡ್ಡ ಉಂಟು ಧನಿಗಳೇ, ನನ್ನಿಂದ ಆಗ್ಲಿಕ್ಕಿಲ್ಲ, ಆಸ್ಪತ್ರೆಗೆ ಕೊಂಡುಹೋಗಿ" ಎಂದಳು. ನಮ್ಮ ಡ್ರೈವರ್ ಬೋಜ ಹೊಳೆ ದಾಟಿ ತೊಕ್ಕೊಟ್ಟಿಗೆ ಮದುವೆಗೆ ಹೋಗಿದ್ದ. ಅಂಗಳದಲ್ಲಿ ಹೊಸ ಕಾರು ನಿಂತಿತ್ತು. ನನಗೆ ಓಡಿಸಲು ಬರುವುದಿಲ್ಲವೇ ಎಂದು ತಾವು ಕೇಳಬಹುದು. ನನಗೆ ಮಾರಲು ಬರುತ್ತದೆ.

ಹೇಳಿ ಕಳುಹಿಸಿದ ಕೂಡಲೇ ಡಾಕ್ಟರಮ್ಮ ತಮ್ಮ ಕಾರಿನಲ್ಲಿ ಬಂದರು. ರತ್ನಾವತಿಯನ್ನು ಪರೀಕ್ಷಿಸಿ, ಹಿಂದಿನ ಸೀಟಿನಲ್ಲಿ ಮಲಗಿಸಿದರು. ನಾನು ಮುಂದಿನ ಸೀಟಿಗೆ ಹತ್ತಿದೆ. ಆಗ ಕಾರು ಶುರುವಾಗಲಿಲ್ಲ. "ಇಳಿದು ಹ್ಯಾಂಡಲ್ ತಿರುಗಿಸಿ" ಎಂದರು. ಇಳಿದೆ, ಕಾರಿನ ಮೂತಿಯಲ್ಲಿದ್ದ ಆ ಹ್ಯಾಂಡಲನ್ನು ಹಿಡಿದೆ. ಯಾವ ಕಡೆಗೆ ತಿರುಗಿಸುವುದು? ಎಡಕ್ಕೆ ತಿರುಗಿಸಿದೆ, ಏನೂ ಆಗಲಿಲ್ಲ. ಒಳಗಿನಿಂದ ನೋವಿನ ನಡುವೆ ರತ್ನಾವತಿ ಕೂಗಿದಳು: "ಬಲಕ್ಕೆ ತಿರುಗಿಸಿ. ಬೋಜ ಮಾಡುದನ್ನು ನಾನು ದಿನಾ ಕಿಟಕಿಯಿಂದ ನೋಡ್ತೇನೆ."

ಎಂಜಿನ್ನು ಹತ್ತಿಕೊಂಡಿತು. ನಾನು ತಿರುಗಿಸದಿದ್ದರೆ ಕಾರು ಹೊರಡುತ್ತಿತ್ತೇ? ಇದನ್ನು ಯಾರೂ ಯೋಚಿಸುವುದಿಲ್ಲ.

ದಾರಿಯಲ್ಲಿ ಒಮ್ಮೆ ಅವಳ ನರಳಾಟ ನಿಂತಿತು. ನಾನು ಹಿಂದಕ್ಕೆ ಕೈ ಚಾಚಿ ಅವಳ ಕಾಲು ಹಿಡಿದುಕೊಂಡೆ. ಅದು ತಣ್ಣಗಿತ್ತು. ಡಾಕ್ಟರಮ್ಮ ರಸ್ತೆಯಿಂದ ಕಣ್ಣು ತೆಗೆಯದೆ, "ಅವಳ ಹೆಸರು ಕರೀತಾ ಇರಿ" ಎಂದರು. ಕರೆಯುತ್ತಲೇ ಇದ್ದೆ. ಆಸ್ಪತ್ರೆ ತಲುಪುವಾಗ ನನ್ನ ಕೆನ್ನೆ ಒದ್ದೆಯಾಗಿತ್ತು. ಪೆಟ್ರೋಲಿನ ಹೊಗೆಗೆ ಕೆಲವರಿಗೆ ಹಾಗಾಗುವುದುಂಟು.

ತಾಯಿ, ಮಗಳು ಇಬ್ಬರೂ ಉಳಿದರು.

ಬಾಣಂತನ ಮುಗಿದ ಮೇಲೆ ರತ್ನಾವತಿ ತಾನೂ ಕಾರು ಓಡಿಸಲು ಕಲಿಯಬೇಕೆಂದಳು. "ಬೋಜ ಇದ್ದಾನಲ್ಲ?" ಎಂದೆ. "ಆ ದಿನ ಇದ್ದನಾ?" ಎಂದಳು. ನಾನು ವಿಶಾಲ ಮನಸ್ಸಿನವನು, ವಾರಗಟ್ಟಲೆ ಯೋಚಿಸಿ ಅನುಮತಿ ಕೊಟ್ಟೆ. ಅಷ್ಟರಲ್ಲಿ ಅವಳು ಡಾಕ್ಟರಮ್ಮನ ಬಳಿ ಕಲಿತು ಮುಗಿಸಿದ್ದಳು.

ಸಭಿಕರೇ, ಇನ್ನೂ ಬಹಳ ಹೇಳಬೇಕೆಂದಿದ್ದೆ. ಆದರೆ ರತ್ನಾವತಿ ಹೊರಗೆ ಕಾರಿನಲ್ಲಿದ್ದಾಳೆ. ಮಗಳಿಗೆ ನಿದ್ದೆ ಬರುವ ಹೊತ್ತು, ಭಾಷಣ ಉದ್ದವಾದರೆ ನಡೆದು ಬನ್ನಿ ಎಂದಿದ್ದಾಳೆ. ಈಗ ಕೇಳಿಸುತ್ತಿರುವುದು ನಮ್ಮದೇ ಎಂಜಿನ್ನು. ಮನೆ ನಂತೂರಿನಲ್ಲಿ, ದಾರಿ ದೂರ ಉಂಟು. ಡಾಕ್ಟರಮ್ಮನಿಗೂ, ತಾಳ್ಮೆಯಿಂದ ಕೇಳಿದ ತಮಗೂ ಕೃತಜ್ಞತೆಗಳು. ಬಾಗಿಲ ಬಳಿ ಇರುವವರು ದಯವಿಟ್ಟು ದಾರಿ ಬಿಡಬೇಕು. ನಮಸ್ಕಾರ.