ಕಾಂತಿಯ ಧಾರೆಗೆ ಬಾರದ ಮಾವ

ಪುಂಜಾಲಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಭೋಜನಿಗೆ, ಬೇಡವೆಂದರೂ ಬೆಂಚಿನ ಆ ತುದಿಯ ಮಾತು ಕೇಳುತ್ತಿತ್ತು. ಅಲ್ಲಿ ಕೂತಿದ್ದವರು ಅಣ್ಣ ತಂಗಿ. ಪರದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಅಣ್ಣ ರಜೆ ಮುಗಿಸಿ ಹೊರಟಿದ್ದ. ತಂಗಿ ಶಶಿಪ್ರಭಾ ಕಳುಹಿಸಲು ಬಂದಿದ್ದಳು.

"ರಾಜೀನಾಮೆ ಕೊಟ್ಟು ಊರಿಗೆ ಬಂದುಬಿಡುವ ಅಂತ ಉಂಟು, ಶಶಿ."

"ಈಗಲಾ? ಸೋದರಮಾವ ನೀವು ಬದುಕಿರುವಾಗಲೇ ನನ್ನ ಮಗಳು ಕಾಂತಿಯ ಮದುವೆಯಲ್ಲಿ ಯಾರೋ ಧಾರೆ ಎರೆದದ್ದಾಯಿತು."

"ದಿಲ್ಲಿಯವರು ರಜೆ ಕೊಡಲಿಲ್ಲ ಮಾರಾಯ್ತಿ."

"ಕೇಳಿದ್ದುಂಟಾ?"

ಅಣ್ಣ ಸುಮ್ಮನೆ ಕೆಮ್ಮಿದ. ರಜೆಯನ್ನೇ ಕೇಳದವನ ಮೇಲೆ ಭೋಜನಿಗೆ ಮೈ ಉರಿಯಿತು.

"ನಿನ್ನ ಸಣ್ಣ ಮಗಳ ಧಾರೆಗಾದರೂ ನಾನು ನಿಲ್ತೇನೆ. ನೀನೊಮ್ಮೆ ಬಾ ಅಂತ ಹೇಳು, ನಾಳೆಯೇ ಕೆಲಸ ಬಿಡ್ತೇನೆ."

"ಇಷ್ಟು ವರ್ಷ ದಿಲ್ಲಿಯವರು ಹೇಳಿಕೊಟ್ಟದ್ದನ್ನೇ ಹೇಳಿದಿರಿ. ಊರಿಗೆ ಬರುವುದನ್ನು ಕೂಡ ನಾನೇ ಹೇಳಿಕೊಡ್ಬೇಕಾ ಅಣ್ಣ?"

ಮಂಗಳೂರಿನ ಬಸ್ಸು ಬಂತು. ಅಣ್ಣ ಪೆಟ್ಟಿಗೆ ಎತ್ತಿಕೊಂಡು ಹತ್ತಿದ. ಬಸ್ಸು ಹೊರಡುವ ಮೊದಲೇ ತಂಗಿ ಬೆನ್ನು ಹಾಕಿ ನಡೆದಳು.