ಎಡಗಡೆ ಸೀಟಿನ ನೀರು

ಕಳಕೇಶ ನನ್ನ ದೊಡ್ಡವ್ವನ ಮಗ, ಊರಿನ ಸೇವಾ ಸಂಘದ ಗಾಡಿ ಓಡಿಸುವವನು. ಕತೆ ಕಟ್ಟಿ ಸುಳ್ಳು ಹೇಳುವಷ್ಟು ಬುದ್ಧಿ ಅವನಿಗಿಲ್ಲ. ಹಾಗಾಗಿ ಆ ರಾತ್ರಿ ಅವನು ಹೇಳಿದ್ದನ್ನು ಅರ್ಧವಾದರೂ ನಂಬಬೇಕಾಗಿತ್ತು. ನಾನು ನಂಬಲಿಲ್ಲ… ನಕ್ಕೆ.

2007ರ ಬೇಸಿಗೆ. ರೋಗಿಯೊಬ್ಬರನ್ನು ರೋಣದ ದವಾಖಾನೆಗೆ ಬಿಟ್ಟು ಗಜೇಂದ್ರಗಡಕ್ಕೆ ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ಗಾಡಿಯನ್ನು ಸೇವಾ ಸಂಘದ ಅಂಗಳದಲ್ಲಿ ನಿಲ್ಲಿಸಿ, ಕೀಲಿ ಹಾಕಿ, ನಡೆದು ಮನೆಗೆ ಹೊರಟ. ದಾರಿಯಲ್ಲಿ ಒಂದು ಆಲದ ಮರ, ಅದರ ಮಗ್ಗುಲಿಗೆ ಹಾಳು ಬಾವಿ. ಬಾವಿ ದಾಟುವಾಗ ಹಿಂದಿನಿಂದ ಸದ್ದು.

ಕಟಕ್… ಧಪ್.

ಆ ಗಾಡಿಯ ಬಾಗಿಲು ಬಹಳ ದಪ್ಪ. ಊರಲ್ಲಿ ಬೇರೆ ಯಾವ ಗಾಡಿಯೂ ಹಾಗೆ ಧಪ್ ಅನ್ನುವುದಿಲ್ಲ. ಕೀಲಿಕೈ ಮಾತ್ರ ಅವನ ಕಿಸೆಯಲ್ಲೇ ಇತ್ತು.

ತಿರುಗಿ ಹೋಗಿ ನೋಡಿದ. ನಾಲ್ಕೂ ಬಾಗಿಲು ಹಾಕಿದ ಹಾಗೇ ಇದ್ದವು. ಒಳಗೆ ಮೇಲಿನ ದೀಪ ಉರಿಯುತ್ತಿತ್ತು. ನಡುವಿನ ಸಾಲಿನಲ್ಲಿ, ಎಡಗಡೆ ಸೀಟು ಕುಗ್ಗಿತ್ತು… ಅವನು ನೋಡುತ್ತಿದ್ದ ಹಾಗೇ ಸ್ಸ್… ಎಂದು ಮೆಲ್ಲಗೆ ಮೇಲೆದ್ದಿತು, ಕುಳಿತವರು ಈಗಷ್ಟೇ ಎದ್ದ ಹಾಗೆ. ಅವನು ಮುಂದೆ ತುಂಬಿಸಿ ಇಟ್ಟಿದ್ದ ನೀರಿನ ಬಾಟಲಿ ಆ ಸೀಟಿನ ಮೇಲೆ ಬಿದ್ದಿತ್ತು. ಖಾಲಿ. ಸೀಟು ಒಣಗಿತ್ತು.

ನಮ್ಮ ಮನೆ ಅವನ ದಾರಿಯಲ್ಲೇ. ಕಿಟಕಿಗೆ ಬಂದು ನಿಂತ.

"ತಂಗೀ… ನೀರ ಕೊಡು."

"ಯಾಕಣ್ಣಾ, ಹಿಂಗ ತೇಕ್ಕೋತ ಬಂದಿ? ಯಾರರ ಬೆನ್ನ ಹತ್ಯಾರೇನು?"

"ಮೆಲ್ಲಕ ಮಾತಾಡು… ಗಾಡ್ಯಾಗ ಯಾರೋ ಅದಾರ. ಕಾಣಂಗಿಲ್ಲ. ಬಾಟಲಿ ನೀರು ಕುಡದಾರ."

"ಕುಡದವರು ಅವರೋ, ನೀನೋ?"

ಅವನು ಎರಡು ತಂಬಿಗೆ ನೀರು ಕುಡಿದು, ಆಲದ ಮರದ ಕಡೆ ನೋಡದೆ ಸುತ್ತುದಾರಿ ಹಿಡಿದು ಹೋದ.

ಆ ಗಾಡಿ ಮೊದಲು ಗೌಸುಸಾಬರದು. ಬಟ್ಟೆ ವ್ಯಾಪಾರದ ದೊಡ್ಡ ಮನೆತನ. ಏಳು ಮಂದಿ ಆರಾಮ ಕೂಡುವ ಗಾಡಿ, ಸೋಫಾದಂಥ ಸೀಟು, ಒಳಗೆ ತಂಪು. ಅವರ ಹೆಂಡತಿ ಹಸನಬಿ ಯಾವಾಗಲೂ ನಡುವಿನ ಸಾಲಿನಲ್ಲಿ ಎಡಗಡೆ ಕೂಡುತ್ತಿದ್ದಳು. ಗಾಡಿ ನಿಲ್ಲಿಸಬೇಕೆಂದರೆ ಬಾಯಿ ಬಿಡುತ್ತಿರಲಿಲ್ಲ. ಕೈಯ ಹಸಿರು ಬಳೆಯಿಂದ ಕಿಟಕಿ ಗಾಜಿಗೆ ಕುಟ್ಟುತ್ತಿದ್ದಳು… ಚಿಣ್, ಚಿಣ್. ಪೇಟೆಯಲ್ಲಿ ನಾವೆಲ್ಲ ಎಷ್ಟೋ ಸಲ ಕೇಳಿದ ಸದ್ದು ಅದು.

ಆಕೆ ತೀರಿಕೊಂಡು ಇಪ್ಪತ್ತೇ ದಿನಕ್ಕೆ ಮಗ ಅಲ್ತಮಶ ಆ ಗಾಡಿಯನ್ನು ತಾಯಿಯ ಹೆಸರಿನಲ್ಲಿ ಸೇವಾ ಸಂಘಕ್ಕೆ ಧರ್ಮವಾಗಿ ಕೊಟ್ಟ, ಬಡವರನ್ನು ದವಾಖಾನೆಗೆ ಒಯ್ಯಲಿಕ್ಕೆ. ಆಗ ಇನ್ನೂ ನೂರಾ ಎಂಟರ ಗಾಡಿ ಬಂದಿರಲಿಲ್ಲ. ಚೆಂಡುಹೂವಿನ ಮಾಲೆ ಹಾಕಿದರು, ಫೋಟೋ ತೆಗೆದರು. ಫೋಟೋದಲ್ಲಿ ಎಲ್ಲರೂ ಹಲ್ಲು ಕಿರಿದಿದ್ದಾರೆ. ಗೌಸುಸಾಬರೊಬ್ಬರೇ ಕ್ಯಾಮೆರಾ ಬಿಟ್ಟು ಗಾಡಿಯೊಳಗೆ ನೋಡುತ್ತಿದ್ದಾರೆ. ಅದನ್ನು ನಾನು ಆಮೇಲೆ ಗಮನಿಸಿದೆ.

ಕಳಕೇಶಣ್ಣ ಕಿಟಕಿಗೆ ಬಂದು ನಿಂತ ಐದನೇ ದಿನ ನನ್ನ ಮಗಳು ಬನಶ್ರೀಗೆ ವಾಂತಿ-ಭೇದಿ ಹತ್ತಿತು. ಹತ್ತು ತಿಂಗಳ ಕೂಸು. ಸಂಜೆಗೆ ಕಣ್ಣು ಒಳಗೆ ಹೋದವು. ರಾತ್ರಿ ಹತ್ತಕ್ಕೆ ಅಳುವುದನ್ನೂ ಬಿಟ್ಟಳು. ಮಗು ಅತ್ತರೆ ಬೈಯುತ್ತಿದ್ದ ನಾನು, ಅಳಲಿ ದೇವರೇ ಎಂದು ಬೇಡಿಕೊಂಡೆ. ನನ್ನ ಗಂಡ ನೇಯ್ದ ಸೀರೆ ಕೊಡಲು ಇಳಕಲ್ಲಿಗೆ ಹೋಗಿದ್ದರು. ಮೊಲೆ ಬಾಯಿಗಿಟ್ಟರೆ ಚೀಪುವ ಶಕ್ತಿಯೂ ಕೂಸಿಗಿಲ್ಲ. ಓಣಿಯ ನರ್ಸಬಾಯಿ ಬಂದು ನೋಡಿ, "ಸಕ್ಕರಿ ಉಪ್ಪಿನ ನೀರು ಚಮಚೆಲೆ ಹಾಕ್ಕೋತ ಹೋಗು, ಬಿಟ್ಟೀ ಅಂದ್ರ ಕೂಸು ಉಳಿಯಂಗಿಲ್ಲ. ಲಗೂ ರೋಣಕ್ಕ ಒಯ್ಯಿ" ಅಂದಳು.

ಹಾಲಿನ ಬಾಟಲಿಗೆ ಅಳತೆಯ ಎಂಟು ಗೀಟು ಇದ್ದವು. ಕಾಯಿಸಿ ಆರಿಸಿದ ನೀರಿಗೆ ಸಕ್ಕರೆ ಉಪ್ಪು ಹಾಕಿ ಎಂಟನೇ ಗೀಟಿನವರೆಗೆ ತುಂಬಿದೆ. ಕಳಕೇಶಣ್ಣ ಅದೇ ಗಾಡಿ ತಂದ.

"ಬಲಗಡಿ ಕೂಡ್ರು. ಎಡಗಡಿ ಬ್ಯಾಡ."

"ನನ್ನ ಕೂಸು ಹೋಗಾಕ ಹತ್ತೇತಿ, ನಿನಗ ಎಡ ಬಲ ಕಾಣ್ತೈತಿ. ಓಡಿಸು."

ಆದರೂ ಬಲಗಡೆಯೇ ಕುಳಿತೆ. ಮಡಿಲಲ್ಲಿ ಮಗು. ಬಾಟಲಿ ಎಡಗಡೆ ಸೀಟಿನ ಮೇಲೆ, ಮುಚ್ಚಳ ಬಿಗಿಯಾಗಿ ಹಾಕಿ. ಒಂದೊಂದೇ ಚಮಚ ತೆಗೆದು ಹಾಕುತ್ತಿದ್ದೆ. ಊರು ಬಿಟ್ಟು ನರೇಗಲ್ ಬರುವವರೆಗೆ ಆರು ಚಮಚ ಹೋಗಿತ್ತು, ಲೆಕ್ಕ ಇಟ್ಟಿದ್ದೆ. ಒಂದು ಗೀಟೂ ಇಳಿಯಬಾರದು. ಎತ್ತಿ ನೋಡಿದರೆ ನೀರು ಐದನೇ ಗೀಟಿನಲ್ಲಿತ್ತು.

ಸೋರಿರಬೇಕು ಅಂದುಕೊಂಡೆ. ಸೀಟು ಮುಟ್ಟಿದೆ… ಒಣಗಿತ್ತು. ಆದರೆ ಬೆಚ್ಚಗಿತ್ತು.

"ಅಣ್ಣಾ, ಒಳಗಿನ ದೀಪ ಹಚ್ಚು."

ಹಚ್ಚಿದ. ಏನೂ ಇಲ್ಲ. ಆರಿಸಿದ. ಕತ್ತಲಾದ ಕೂಡಲೇ, ನನ್ನ ಮೊಣಕೈ ಹತ್ತಿರ…

ಗುಟುಕ್… ಗುಟುಕ್.

ನನ್ನ ಮಗಳು ನುಂಗಿದ ಸದ್ದಲ್ಲ ಅದು. ದೊಡ್ಡವರ ಗಂಟಲು. ನನ್ನ ನಾಲಗೆ ಒಣಗಿ ಅಂಗುಳಕ್ಕೆ ಅಂಟಿತು. ಬಾಟಲಿ ಎತ್ತಿ ಎದೆಗೆ ಅವಚಿಕೊಂಡೆ. ಅವಚಿಕೊಂಡ ಕೈಯೊಳಗೇ ಅದು ಹಗುರಾಯಿತು. ಎರಡನೇ ಗೀಟು.

"ಅಣ್ಣಾ… ನಿಲ್ಲಸು."

"ನಿಲ್ಲಸಂಗಿಲ್ಲ," ಅಂದ, ಕನ್ನಡಿಯಲ್ಲಿ ನೋಡುತ್ತ. "ನಿಲ್ಲಸಿದ ಮ್ಯಾಲೆ ಚಾಲೂ ಆಗದಿದ್ರ? ನೀ ಹಿಂದ ಮುಂದ ನೋಡಬ್ಯಾಡ, ಕೂಸಿನ ಮಾರಿ ನೋಡು."

ಜಕ್ಕಲಿ ಸಮೀಪಿಸುತ್ತಿತ್ತು. ಎರಡೂ ಬದಿ ಹೊಲ, ಒಂದು ದೀಪವೂ ಇಲ್ಲ. ಆಗ ಎಡಗಡೆ ಗಾಜಿಗೆ… ಚಿಣ್, ಚಿಣ್. ಗಾಡಿ ಓಡುತ್ತಿದೆ, ಆ ಗಾಜಿನ ಹತ್ತಿರ ಯಾರೂ ಇಲ್ಲ. ಮತ್ತೆ… ಚಿಣ್, ಚಿಣ್, ಚಿಣ್. ಅವಸರದಲ್ಲಿ. ಆಮೇಲೆ ಕಿವಿಯ ಹತ್ತಿರ, ಒಣಗಿದ ದನಿ.

"ನನಗೂ… ಚೂರು."

ಮಗುವಿನ ತುಟಿ ಬಿಳಿಯಾಗಿತ್ತು. ಬಾಟಲಿಯಲ್ಲಿ ಒಂದೇ ಗೀಟು ಉಳಿದಿತ್ತು. ಅಂಥ ಹೆದರಿಕೆಯಲ್ಲೂ ನನಗೆ ಸಿಟ್ಟು ಬಂತು. ನನ್ನ ಬಾಯಿ ಹೇಗೆಂದು ನಿಮಗೆ ಗೊತ್ತೇ ಇದೆ.

"ಬೇ ಹಸನಬಿ, ಮೊಮ್ಮಕ್ಕಳನ್ನ ಆಡಿಸಿದಾಕಿ ನೀನು. ಹತ್ತು ತಿಂಗಳ ಕೂಸಿನ ನೀರಿಗಿ ಬಾಯಿ ಹಾಕ್ತಿ, ನಾಚಿಕಿ ಬರಂಗಿಲ್ಲೇನು ನಿನಗ? ಇದೊಂದು ಗೀಟು ಬಿಡು. ನನ್ನ ಮಗಳು ಉಳದ್ರ ನಾನೇ ನಿನಗ ದಿನಾ ನೀರು ಇಡ್ತೀನಿ. ಈ ಬಾಟಲ್ಯಾಗೇ ಇಡ್ತೀನಿ."

ಸದ್ದು ನಿಂತಿತು. ಎಡಗಡೆ ಸೀಟು ಮಾತ್ರ ಕುಗ್ಗಿಯೇ ಇತ್ತು, ರೋಣ ಮುಟ್ಟುವವರೆಗೆ. ನಾನು ಆ ಒಂದು ಗೀಟಿನ ನೀರನ್ನು ಹನಿ ಹನಿಯಾಗಿ ಮಗಳ ಬಾಯಿಗೆ ಬಿಟ್ಟೆ. ಕೊನೆಯ ಚಮಚಕ್ಕೆ ದವಾಖಾನೆಯ ದೀಪ ಕಂಡಿತು. ಸಲಾಯಿನ್ ಏರಿಸಿದ ಡಾಕ್ಟರು, "ಬಾಯಿಗೆ ನೀರು ಹಾಕ್ಕೋತ ಬಂದದ್ದು ಚಲೋ ಆತು" ಅಂದರು. ಬೆಳಗಿನ ಜಾವ ಬನಶ್ರೀ ಅತ್ತಳು. ಅಂಥ ಚಂದದ ಅಳು ನಾನು ಮತ್ತೆ ಕೇಳಿಲ್ಲ.

ಮೂರು ದಿನಕ್ಕೆ ಊರಿಗೆ ಬಂದವಳೇ ಕಳಕೇಶಣ್ಣನನ್ನು ಕರೆದುಕೊಂಡು ಗೌಸುಸಾಬರ ಮನೆಗೆ ಹೋದೆ. ಒಳಕೋಣೆಯಲ್ಲಿ ಒಂದು ದೀಪ, ಪಕ್ಕದಲ್ಲಿ ಒಂದು ಲೋಟ ನೀರು. ಜೀವ ಹೋದ ಜಾಗದಲ್ಲಿ ಇಡುತ್ತಾರಲ್ಲ, ಹಾಗೆ. ನಮ್ಮ ಮನೆಗಳಲ್ಲೂ ಇಡುತ್ತೇವೆ. ಅವರು ನಲವತ್ತು ದಿನ ಇಡುವವರು.

"ಸಾಹೇಬ್ರ, ಹಸನಬಿಯವರು ತೀರಿಕೊಂಡದ್ದು ಎಲ್ಲಿ?" ಅಂದೆ.

"ದವಾಖಾನ್ಯಾಗ," ಎಂದ ಅಲ್ತಮಶ, ಥಟ್ಟನೆ.

ಮುದುಕ ಮಗನ ಕಡೆ ನೋಡಲಿಲ್ಲ. "ಸುಳ್ಳು ಸಾಕು ಮಗಾ," ಅಂದರು. "ಗಾಡ್ಯಾಗೇ ಹೋದಳವ್ವಾ. ಜಕ್ಕಲಿ ಹಂತೇಕ. ನೀರು ನೀರು ಅಂತ ಗಾಜು ಬಡದಳು. ಆಪರೇಷನ್ ಮಾಡೋದೈತಿ, ಒಂದು ಹನಿ ಕೊಡಬ್ಯಾಡ್ರಿ ಅಂತ ಡಾಕ್ಟರು ಫೋನಿನ್ಯಾಗ ಹೇಳಿದ್ರು. ಬಾಟಲಿ ಇವನ ಕೈಯಾಗೇ ಇತ್ತು."

ಅಲ್ತಮಶ ಗೋಡೆ ಕಡೆ ಮುಖ ತಿರುಗಿಸಿದ. "ಹೆಣ ಆದ ಗಾಡಿ ಅಂತ ಗೊತ್ತಾದ್ರ ರೋಗಿಗೋಳು ಹತ್ತತಾರೇನ್ರಿ? ಅದಕ್ಕ ಹೇಳಲಿಲ್ಲ. ಮನ್ಯಾಗ ನಿಂದ್ರಸಿಕೊಂಡು ದಿನಾ ನೋಡೂದೂ ನನ್ನ ಕೈಲೆ ಆಗಲಿಲ್ಲ."

ಅಂದರೆ ಜೀವ ಹೋದ ಜಾಗಕ್ಕೆ ಗಾಲಿ ಇದ್ದವು. ಅದು ಊರೂರು ತಿರುಗುತ್ತಿತ್ತು. ದೀಪ, ನೀರು ಮನೆಯಲ್ಲಿ ಕುಳಿತಿದ್ದವು.

ಅಂದು ಸಂಜೆಯಿಂದ ಗೌಸುಸಾಬರು ಸಂಘದ ಅಂಗಳಕ್ಕೆ ತಾವೇ ಬಂದು, ಎಡಗಡೆ ಸೀಟಿನ ಮೇಲೆ ಲೋಟ ಇಟ್ಟು, ಗಾಡಿಯ ಪಕ್ಕದಲ್ಲಿ ದೀಪ ಹಚ್ಚಿದರು. ನಲವತ್ತು ತುಂಬುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಆಮೇಲೆ ಆ ಗಾಡಿಯಲ್ಲಿ ಎಷ್ಟೋ ಬಾಣಂತಿಯರು ಹೋಗಿ ಬಂದರು, ಯಾರಿಗೂ ಏನೂ ಕೇಳಿಸಲಿಲ್ಲ. ಕಳಕೇಶಣ್ಣ ಈಗ ಆಲದ ಮರದ ಕೆಳಗೇ ನಡೆದು ಬರುತ್ತಾನೆ, ಹಾಡು ಹೇಳುತ್ತ.

ಗೌಸುಸಾಬರ ಲೆಕ್ಕ ನಲವತ್ತು ದಿನದ್ದು. ನಾನು ದಿನಾ ಅಂದಿದ್ದೆ. ಎಲ್ಲಿಯವರೆಗೆ ಎಂದು ಹೇಳಿರಲಿಲ್ಲ.

ಬನಶ್ರೀಗೆ ಈಗ ಮೂರು ತುಂಬಿದೆ, ಬಾಟಲಿ ಬಿಟ್ಟು ಎಷ್ಟೋ ದಿನವಾಯಿತು. ಅದು ಅಡುಗೆಮನೆಯ ಗೋಡೆಯ ಗೂಡಿನಲ್ಲಿ, ಎಡಗಡೆ ಮೂಲೆಯಲ್ಲಿ ಇದೆ. ಮಲಗುವ ಮುಂಚೆ ಎಂಟನೇ ಗೀಟಿನವರೆಗೆ ನೀರು ತುಂಬಿ, ಮುಚ್ಚಳ ಬಿಗಿ ಮಾಡುತ್ತೇನೆ. ಬೆಳಿಗ್ಗೆ ನೀರು ಏಳನೇ ಗೀಟಿನಲ್ಲಿ ಇರುತ್ತದೆ. ಗೂಡು ಒಣಗಿರುತ್ತದೆ. ಸುಳ್ಳೆನಿಸಿದರೆ ನಿಮ್ಮಲ್ಲಿ ಯಾರಾದರೂ ಒಂದು ರಾತ್ರಿ ಇದ್ದು, ನೀವೇ ಗೀಟು ನೋಡಿ ಹೋಗಿರಿ.